ಡ್ರಾಪ್‌ಡೌನೋ, ಸ್ಲೈಡರೋ, ಸರ್ಚ್ ಬಾಕ್ಸೋ? ಮುಂಬೈ ನೀರಿನ ಡ್ಯಾಶ್‌ಬೋರ್ಡ್ ಮುಂದಿಟ್ಟುಕೊಂಡು ಒಂದು ಹೋಲಿಕೆ

ಜೂನ್ ಬಂತೆಂದರೆ ಮುಂಬೈಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಕೆರೆಗಳಲ್ಲಿ ನೀರು ಎಷ್ಟಿದೆ? ನಗರಕ್ಕೆ ನೀರು ಕೊಡುವ ಜಲಾಶಯಗಳು ಏಳು. ಅಪ್ಪರ್ ವೈತರಣಾ, ಮೋಡಕ್ ಸಾಗರ್, ತಾನ್ಸಾ, ಮಿಡ್ಲ್ ವೈತರಣಾ, ಭಾತ್ಸಾ, ವಿಹಾರ್, ತುಳಸಿ. ಏಳೂ ಪೂರ್ತಿ ತುಂಬಿದರೆ 14,47,363 ದಶಲಕ್ಷ ಲೀಟರ್ ನೀರು. 2024ರಲ್ಲಿ ಮಳೆ ಹಿಡಿಯುವ ಮೊದಲೇ ನೀರು ತೀರಾ ಕೆಳಗಿಳಿದು, ಜೂನ್ 5ರಿಂದ ಪಾಲಿಕೆ ಶೇ. 10ರಷ್ಟು ಕಡಿತ ಮಾಡಿತು.

ಆ ವರ್ಷವೇ ಚೆಂಬೂರಿನ ನಮ್ಮ ಸೊಸೈಟಿಗಾಗಿ ಒಂದು ಸಣ್ಣ ಡ್ಯಾಶ್‌ಬೋರ್ಡ್ ಮಾಡಿದೆ, ಅಂದರೆ ಅಂಕಿಗಳನ್ನು ಚಾರ್ಟಿನಲ್ಲಿ ತೋರಿಸುವ ವೆಬ್ ಪುಟ. ಪಾಲಿಕೆ ದಿನಾ ಕೊಡುವ ಕೆರೆಗಳ ಅಂಕಿ, ಜೊತೆಗೆ ಹವಾಮಾನ ಇಲಾಖೆಯ ಕೊಲಾಬಾ ಮತ್ತು ಸಾಂತಾಕ್ರೂಜ್ ಕೇಂದ್ರಗಳ ಮಳೆ. ನೋಡುವವರು ನಮ್ಮ ನೀರಿನ ಸಮಿತಿಯವರು. ಉಡುಪಿ, ಕಾರ್ಕಳ, ಧಾರವಾಡ ಕಡೆಯಿಂದ ಬಂದು ಮೂವತ್ತು ನಲವತ್ತು ವರ್ಷದಿಂದ ಇಲ್ಲೇ ಇರುವವರು. ಟ್ಯಾಂಕರ್ ಯಾವಾಗ ತರಿಸಬೇಕು, ಪಂಪ್ ಎಷ್ಟು ಹೊತ್ತು ಓಡಿಸಬೇಕು ಅಂತ ತೀರ್ಮಾನ ಮಾಡುವವರು. ಎಲ್ಲರೂ ಫೋನಿನಲ್ಲೇ ನೋಡುತ್ತಾರೆ. ಕೆಲವರು ಲೋಕಲ್ ರೈಲಿನಲ್ಲಿ ನಿಂತುಕೊಂಡು, ಒಂದು ಕೈಯಲ್ಲಿ ಹಿಡಿಕೆ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾರೆ.

ಮೊದಲ ಸಲ ಒಂಬತ್ತು ಇನ್‌ಪುಟ್ ಇಟ್ಟಿದ್ದೆ, ಅಂದರೆ ಒತ್ತಿ, ಎಳೆದು, ಟೈಪ್ ಮಾಡಿ ಆರಿಸುವ ಜಾಗಗಳು. ಧಾರವಾಡದ ಅಕ್ಕ ಒಬ್ಬರು ಫೋನನ್ನು ನನ್ನ ಕೈಗೇ ಕೊಟ್ಟು ಹೇಳಿದರು: "ತಮ್ಮಾ, ಇಷ್ಟೆಲ್ಲಾ ಒತ್ತೂದು ಯಾಕ? ಹ್ವಾದ ವರ್ಷ ಇವತ್ತಿನ ದಿನಕ್ಕ ಎಷ್ಟಿತ್ತು, ಈ ವರ್ಷ ಎಷ್ಟೈತಿ, ಅಷ್ಟ ಹೇಳು."

ಇನ್‌ಪುಟ್ ಅಂದರೆ ನೋಡುವವರು ನಮ್ಮ ಅಂಕಿಗಳನ್ನು ಕೇಳುವ ಪ್ರಶ್ನೆ. ಪ್ರಶ್ನೆ ಯಾವುದು ಅಂತ ಗೊತ್ತಾದರೆ, ಯಾವ ಇನ್‌ಪುಟ್ ಅನ್ನೋದು ಅರ್ಧ ತೀರ್ಮಾನ ಆದ ಹಾಗೆ. ಆಮೇಲೆ ಆ ಪುಟವನ್ನು ಹಲವು ಸಲ ಬಿಚ್ಚಿ ಕಟ್ಟಿದೆ. ಅದರಲ್ಲಿ ಕಲಿತದ್ದನ್ನು ಹೋಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಇನ್‌ಪುಟ್ ಇಡಬೇಕಾ, ಎರಡನ್ನೂ ತೋರಿಸಿಬಿಡಬೇಕಾ?

ಎಲ್ಲಕ್ಕಿಂತ ಮೊದಲು ಈ ಹೋಲಿಕೆ ಮಾಡಬೇಕು. ಹೆಚ್ಚಿನವರು ಇದನ್ನು ಬಿಟ್ಟು ನೇರ ಡ್ರಾಪ್‌ಡೌನ್‌ಗೆ, ಅಂದರೆ ಒತ್ತಿದರೆ ಕೆಳಗೆ ತೆರೆಯುವ ಪಟ್ಟಿಗೆ, ಹೋಗುತ್ತಾರೆ.

ಮಳೆಯ ಚಾರ್ಟಿಗೆ ನಾನು "ಕೊಲಾಬಾ / ಸಾಂತಾಕ್ರೂಜ್" ಅಂತ ಎರಡು ಆಯ್ಕೆ ಇಟ್ಟಿದ್ದೆ. ಪುಟ ತೆರೆದಾಗ ಕೊಲಾಬಾ ಬರುತ್ತಿತ್ತು. ಹೆಸರಿನ ಪಟ್ಟಿಯಲ್ಲಿ ಅದು ಮೊದಲು, ಅಷ್ಟೇ ಕಾರಣ. ಈಗ 2005ರ ಜುಲೈ 26ರ ಮಳೆ ನೆನಪು ಮಾಡಿಕೊಳ್ಳಿ. ಇಡೀ ನಗರ ಮುಳುಗಿದ ದಿನ. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಬಿತ್ತು. ಅದೇ ಹೊತ್ತಿನಲ್ಲಿ ಕೊಲಾಬಾದಲ್ಲಿ ಬಿದ್ದದ್ದು ಬರೀ 73. ನನ್ನ ಪುಟದಲ್ಲಿ ಆ ದಿನವನ್ನು ತೆರೆದವರಿಗೆ ಮಾಮೂಲಿ ಮಳೆಗಾಲದ ಒಂದು ದಿನ ಕಾಣುತ್ತಿತ್ತು. ಅಂಕಿ ಸುಳ್ಳಲ್ಲ. ಆದರೆ ಮುಖ್ಯ ವಿಷಯ ಇನ್ನೊಂದು ಬಟನ್ನಿನ ಹಿಂದೆ ಅಡಗಿತ್ತು.

ಆ ಇನ್‌ಪುಟ್ ತೆಗೆದೆ. ಎರಡು ಗೆರೆಗಳನ್ನು ಒಂದೇ ಚಾರ್ಟಿನಲ್ಲಿ ಹಾಕಿದೆ. ಎರಡು ಮೂರು ಸಾಲು ಅಕ್ಕಪಕ್ಕ ಹಿಡಿಸುತ್ತದೆ ಅಂದರೆ ಇನ್‌ಪುಟ್ ಬೇಡ, ಕಣ್ಣಿಗೇ ಬಿಡಿ. ಒಂದನ್ನು ನೋಡಿ, ನೆನಪಿಟ್ಟುಕೊಂಡು, ಬಟನ್ ಒತ್ತಿ, ಇನ್ನೊಂದನ್ನು ನೋಡಿ ಹೋಲಿಸುವುದು ಯಾರಿಗಾದರೂ ಕಷ್ಟವೇ. ಹತ್ತು ಇಪ್ಪತ್ತು ಸಾಲು ಇದ್ದು ಚಾರ್ಟು ಗೋಜಲಾದಾಗ ಇನ್‌ಪುಟ್ ಇಡಿ.

ಇಟ್ಟೇ ಇಡಬೇಕಾದರೆ, ಪುಟ ತೆರೆದಾಗ ಮೊದಲು ಏನು ಕಾಣಬೇಕು ಅನ್ನೋದನ್ನು ನೀವೇ ಕೂತು ಯೋಚಿಸಿ ತೀರ್ಮಾನಿಸಿ. ಬಹಳ ಜನ ಮೊದಲು ಕಂಡದ್ದನ್ನು ಬದಲಾಯಿಸುವುದೇ ಇಲ್ಲ.

ರೇಡಿಯೋ ಬಟನ್, ಡ್ರಾಪ್‌ಡೌನ್, ಚೆಕ್‌ಬಾಕ್ಸ್

ಒಂದನ್ನೇ ಆರಿಸಬೇಕು, ಆಯ್ಕೆಗಳು ಐದಾರರ ಒಳಗಿವೆ ಅಂದರೆ ರೇಡಿಯೋ ಬಟನ್ ಒಳ್ಳೆಯದು, ಅಂದರೆ ಎಲ್ಲಾ ಆಯ್ಕೆಗಳನ್ನು ಬಿಡಿಸಿಟ್ಟು ಒಂದನ್ನು ಮಾತ್ರ ಒತ್ತಲು ಬಿಡುವ ಬಟನ್‌ಗಳು. ಏನೇನು ಇದೆ ಅಂತ ಒತ್ತದೆಯೇ ಕಾಣುತ್ತದೆ, ಒಂದೇ ಒತ್ತಿಗೆ ಕೆಲಸ ಆಗುತ್ತದೆ. ಡ್ರಾಪ್‌ಡೌನ್‌ನಲ್ಲಿ ತೆರೆಯಲು ಒಂದು ಒತ್ತು, ಆರಿಸಲು ಇನ್ನೊಂದು. ಅದಕ್ಕಿಂತ ದೊಡ್ಡ ತೊಂದರೆ, ಒಳಗೆ ಏನಿದೆ ಅಂತ ತೆರೆಯುವವರೆಗೆ ಗೊತ್ತೇ ಆಗುವುದಿಲ್ಲ. ಜಾಗ ಉಳಿಸುತ್ತದೆ, ನಿಜ. ಜಾಗ ಉಳಿಸಲು ಮಾತ್ರ ಅದನ್ನು ಬಳಸಿ.

ನಮ್ಮ ಪುಟದಲ್ಲಿ ತುಂಬಾ ಉಪಯೋಗಕ್ಕೆ ಬಂದ ಇನ್‌ಪುಟ್ ಒಂದು ಪುಟ್ಟ ರೇಡಿಯೋ ಜೋಡಿ: "ಶೇಕಡಾ / ದಶಲಕ್ಷ ಲೀಟರ್". ಯಾಕೆ ಅಂತ ಹೇಳುತ್ತೇನೆ. ಮಳೆಗಾಲದಲ್ಲಿ "ತುಳಸಿ ಕೆರೆ ತುಂಬಿ ಹರಿಯಿತು" ಅಂತ ಸುದ್ದಿ ಬಂದ ಕೂಡಲೇ ನಮ್ಮ ಗ್ರೂಪಿನಲ್ಲಿ ಸಂಭ್ರಮ. ಶೇಕಡಾ ಲೆಕ್ಕದಲ್ಲಿ ನೋಡಿದರೆ ತುಳಸಿಯ ಪಟ್ಟಿ ನೂರು ಮುಟ್ಟಿ ನಿಂತಿರುತ್ತದೆ. ಆದರೆ ತುಳಸಿಯ ಪೂರ್ತಿ ಸಾಮರ್ಥ್ಯ 8,046 ದಶಲಕ್ಷ ಲೀಟರ್. ಏಳೂ ಕೆರೆಗಳ ಒಟ್ಟು ನೀರಿನಲ್ಲಿ ಅದು ಶೇ. 0.6ಕ್ಕೂ ಕಡಿಮೆ. ಭಾತ್ಸಾ ಒಂದೇ 7,17,037 ದಶಲಕ್ಷ ಲೀಟರ್, ಅಂದರೆ ಹೆಚ್ಚೂಕಡಿಮೆ ಅರ್ಧ. ಆ ಜೋಡಿಯಲ್ಲಿ "ದಶಲಕ್ಷ ಲೀಟರ್" ಒತ್ತಿದ ತಕ್ಷಣ ತುಳಸಿ ಒಂದು ಗೀಟಿನಷ್ಟು ಸಣ್ಣದಾಗುತ್ತದೆ, ಭಾತ್ಸಾ ಎದ್ದು ನಿಲ್ಲುತ್ತದೆ. ಸಮಿತಿಯ ಹಿರಿಯರೊಬ್ಬರು ಎರಡು ಮೂರು ಸಲ ಆಕಡೆ ಈಕಡೆ ಒತ್ತಿ ನೋಡಿ, "ಹಾಗಾದ್ರೆ ಭಾತ್ಸಾ ತುಂಬೋವರೆಗೆ ಟ್ಯಾಂಕರ್ ಬಿಡೋ ಹಾಗಿಲ್ಲ ಅಲ್ವಾ" ಅಂದರು. ಒಂದು ಇನ್‌ಪುಟ್ ಮಾಡಬೇಕಾದ ಕೆಲಸ ಇದೇ. ಇದನ್ನೇ ಡ್ರಾಪ್‌ಡೌನ್ ಒಳಗೆ ಇಟ್ಟಿದ್ದರೆ ಅವರು ಒತ್ತಿ ನೋಡುತ್ತಲೇ ಇರಲಿಲ್ಲ ಅನ್ನಿಸುತ್ತದೆ.

ಒಂದಕ್ಕಿಂತ ಹೆಚ್ಚು ಆರಿಸಬೇಕು ಅಂದರೆ ಟಿಕ್ ಹಾಕುವ ಚೆಕ್‌ಬಾಕ್ಸ್. ಏಳು ಕೆರೆಗೆ ಏಳು ಚೆಕ್‌ಬಾಕ್ಸ್ ಚೆನ್ನಾಗಿ ಹೊಂದುತ್ತದೆ. ಹಲವನ್ನು ಆರಿಸಬಹುದಾದ ಮಲ್ಟಿಸೆಲೆಕ್ಟ್ ಡ್ರಾಪ್‌ಡೌನ್ ಜಾಗ ಕಡಿಮೆ ತಿನ್ನುತ್ತದೆ, ಆದರೆ ಬಿಟ್ಟುಹೋದದ್ದು ಯಾವುದು ಅಂತ ಕಾಣುವುದಿಲ್ಲ. ಆರಿಸಿದ್ದು ಮಾತ್ರ ಕಾಣುತ್ತದೆ. ಹದಿನೈದು ಇಪ್ಪತ್ತು ದಾಟಿದರೆ ಮಲ್ಟಿಸೆಲೆಕ್ಟ್, ಅದರ ಕೆಳಗೆ ಚೆಕ್‌ಬಾಕ್ಸ್ ಅಂತ ನಾನು ಇಟ್ಟುಕೊಂಡಿದ್ದೇನೆ.

ಇಲ್ಲೊಂದು ಬಲೆ ಇದೆ. ಏನೂ ಆರಿಸದಿದ್ದರೆ ಏನರ್ಥ? ಮೈಕ್ರೋಸಾಫ್ಟ್‌ನ ಎಕ್ಸೆಲ್ ಮತ್ತು ಪವರ್ ಬಿಐಗಳಲ್ಲಿ ಅಂಕಿ ಸೋಸುವ ಸ್ಲೈಸರ್ ಅನ್ನುವ ಇನ್‌ಪುಟ್‌ನಲ್ಲಿ ಆಯ್ಕೆ ಅಳಿಸಿದರೆ "ಎಲ್ಲಾ" ಅಂತ ಅರ್ಥ. ಆದರೆ ಪೈಥಾನ್ ಭಾಷೆಯಲ್ಲಿ ಕೋಡ್ ಬರೆದು ಇಂಥ ಪುಟ ಕಟ್ಟುವ ಸಲಕರಣೆ ಸ್ಟ್ರೀಮ್‌ಲಿಟ್‌ನ ಮಲ್ಟಿಸೆಲೆಕ್ಟ್ ಖಾಲಿ ಪಟ್ಟಿಯನ್ನು ಕೊಡುತ್ತದೆ. ಅದನ್ನು "ಎಲ್ಲಾ" ಅನ್ನಬೇಕೋ "ಯಾವುದೂ ಇಲ್ಲ" ಅನ್ನಬೇಕೋ ಬರೆಯುವವರೇ ಹೇಳಬೇಕು. ನಾನು ಹೇಳಿರಲಿಲ್ಲ. ಒಬ್ಬರು ಎಲ್ಲಾ ಟಿಕ್ ತೆಗೆದರು, ಪುಟದ ಮೇಲೆ ದೊಡ್ಡ ಅಕ್ಷರದಲ್ಲಿ "ಒಟ್ಟು ನೀರು: 0" ಅಂತ ಬಂತು. ಅದರ ಫೋಟೊ ಗ್ರೂಪಿಗೆ ಹೋಯಿತು. ನೀರು ಕಡಿತದ ದಿನಗಳಲ್ಲಿ ಅಂಥ ಫೋಟೊ ಎಷ್ಟು ಗಾಬರಿ ಹುಟ್ಟಿಸುತ್ತದೆ ಅಂತ ನೋಡಿದ ಮೇಲೆ ಆ ಜಾಗದಲ್ಲಿ "ಯಾವ ಕೆರೆಯನ್ನೂ ಆರಿಸಿಲ್ಲ" ಅಂತ ಬರೆಯುವುದನ್ನು ಕಲಿತೆ. ಸೊನ್ನೆಯೂ "ಅಂಕಿ ಇಲ್ಲ" ಅನ್ನೋದೂ ಬೇರೆ ಬೇರೆ. ಅದು ಬೇರೆಯಾಗಿಯೇ ಕಾಣಬೇಕು.

ಡ್ರಾಪ್‌ಡೌನ್ ಮತ್ತು ಸರ್ಚ್ ಬಾಕ್ಸ್

ಕೆರೆಗಳಾದ ಮೇಲೆ "ನಮ್ಮ ಏರಿಯಾದಲ್ಲಿ ಎಷ್ಟು ಮಳೆ ಬಿತ್ತು?" ಅಂತ ಕೇಳಿದರು. ಪಾಲಿಕೆಯ ಸ್ವಯಂಚಾಲಿತ ಮಳೆಮಾಪನ ಕೇಂದ್ರಗಳು ನಗರದಲ್ಲಿ ಹತ್ತಾರಿವೆ. ಅಷ್ಟು ಹೆಸರುಗಳನ್ನು ಡ್ರಾಪ್‌ಡೌನ್‌ನಲ್ಲಿ ಹೆಬ್ಬೆರಳಿನಿಂದ ಉರುಳಿಸುವುದು ಸಾಕುಸಾಕಾಗುತ್ತದೆ. ಇಂಥ ಕಡೆ ಟೈಪ್ ಮಾಡಿ ಹುಡುಕುವ ಬಾಕ್ಸೇ ಸರಿ.

ಆದರೆ ಸರ್ಚ್ ಬಾಕ್ಸ್ ಮುಂಬೈಯಲ್ಲಿ ಸುಮ್ನೆ ಕೆಲಸ ಮಾಡುವುದಿಲ್ಲ. ಒಂದೇ ಜಾಗಕ್ಕೆ ಇಲ್ಲಿ ಮೂರು ಹೆಸರು. ವಿಕ್ಟೋರಿಯಾ ಟರ್ಮಿನಸ್ ರೈಲು ನಿಲ್ದಾಣಕ್ಕೆ 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಅಂತ ಹೊಸ ಹೆಸರು ಬಂತು, 2017ರಲ್ಲಿ ಅದರಲ್ಲಿ "ಮಹಾರಾಜ್" ಸೇರಿತು, ಆದರೂ ನಮ್ಮವರು ಇವತ್ತಿಗೂ "ವಿ.ಟಿ." ಅಂತಲೇ ಅನ್ನುತ್ತಾರೆ. ಎಲ್ಫಿನ್‌ಸ್ಟನ್ ರೋಡ್ 2018ರಲ್ಲಿ ಪ್ರಭಾದೇವಿ ಆಯಿತು. ಸಯನ್ ಅಂದರೂ ಅದೇ, ಮರಾಠಿಯ ಶೀವ್ ಅಂದರೂ ಅದೇ. ಮಾಟುಂಗಾ ಅಂತ ಟೈಪ್ ಮಾಡಿದವರಿಗೆ ಸೆಂಟ್ರಲ್ ಲೈನಿನ ಮಾಟುಂಗಾ ಬೇಕೋ ವೆಸ್ಟರ್ನ್ ಲೈನಿನ ಮಾಟುಂಗಾ ರೋಡ್ ಬೇಕೋ ಗೊತ್ತಾಗುವುದಿಲ್ಲ. ಹಾರ್ಬರ್ ಲೈನಿನ ಕಿಂಗ್ಸ್ ಸರ್ಕಲ್ ಕೂಡ ಅಲ್ಲೇ ಪಕ್ಕದಲ್ಲಿ.

ಹಾಗಾಗಿ ಪ್ರತಿ ಜಾಗಕ್ಕೂ ಹಳೆಯ ಹೆಸರು, ಹೊಸ ಹೆಸರು, ಬಾಯಿಮಾತಿನ ಹೆಸರು ಮೂರನ್ನೂ ಒಂದು ಪಟ್ಟಿ ಮಾಡಿ ಸರ್ಚ್‌ಗೆ ಜೋಡಿಸಿದೆ. ಕನ್ನಡ, ದೇವನಾಗರಿ, ಇಂಗ್ಲಿಷ್ ಮೂರು ಲಿಪಿಯಲ್ಲೂ. ಒಂದು ಭಾನುವಾರ ಪೂರ್ತಿ ಹೋಯಿತು. ಆ ದಿನ ಮಾಡಿದ್ದೇ ಇಡೀ ಪುಟದಲ್ಲಿ ಜನಕ್ಕೆ ಜಾಸ್ತಿ ಹಿಡಿಸಿದ ಕೆಲಸ. ನಿಮಗೆ ಆ ಪಟ್ಟಿ ಮಾಡುವಷ್ಟು ಸಮಯ ಇಲ್ಲದಿದ್ದರೆ ಡ್ರಾಪ್‌ಡೌನ್ ಇಟ್ಟು ಬಿಡಿ. ಹುಡುಕಿದರೂ ಸಿಗದ ಸರ್ಚ್ ಬಾಕ್ಸಿಗಿಂತ ಉದ್ದದ ಪಟ್ಟಿಯೇ ಮೇಲು. ಬಾಕ್ಸಿನಲ್ಲಿ "ಸಿಗಲಿಲ್ಲ" ಅಂತ ಬಂದರೆ ಜನ ತಮ್ಮ ಏರಿಯಾದ ಅಂಕಿಯೇ ಇಲ್ಲ ಅಂದುಕೊಳ್ಳುತ್ತಾರೆ.

ಇವೆರಡರ ನಡುವಿನ ದಾರಿಯೂ ಇದೆ. ಸ್ಟ್ರೀಮ್‌ಲಿಟ್‌ನ ಡ್ರಾಪ್‌ಡೌನ್ ಒಳಗೇ ಟೈಪ್ ಮಾಡಿ ಸೋಸಬಹುದು. ವೆಬ್ ಪುಟಗಳ ಮೂಲ ಭಾಷೆ ಎಚ್‌ಟಿಎಂಎಲ್‌ನಲ್ಲೇ ಬರೆಯುವವರಿಗೆ ಡೇಟಾಲಿಸ್ಟ್ ಇದೆ, ಟೈಪ್ ಮಾಡುತ್ತಿದ್ದಂತೆ ಹೆಸರುಗಳನ್ನು ಸೂಚಿಸುತ್ತದೆ.

ಸ್ಲೈಡರ್ ಮತ್ತು ನಂಬರ್ ಬಾಕ್ಸ್

ಸ್ಲೈಡರ್ ಅಂದರೆ ನನಗೆ ಇಷ್ಟ. ಎಳೆಯುತ್ತಾ ಹೋದಂತೆ ಚಾರ್ಟು ಜೊತೆಗೇ ಕದಲುತ್ತದಲ್ಲ, ಆಗ ಅಂಕಿಗಳ ಸ್ವಭಾವ ಗೊತ್ತಾಗುತ್ತದೆ. ಈ ಯೋಚನೆ ಹೊಸದಲ್ಲ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಬೆನ್ ಶ್ನೈಡರ್‌ಮನ್ ಮತ್ತು ಜೊತೆಗಾರರು 1992ರ ಹೊತ್ತಿಗೇ ವಾಷಿಂಗ್ಟನ್ ಸುತ್ತಲಿನ ಮನೆಗಳನ್ನು ಹುಡುಕಲು ಸ್ಲೈಡರ್ ಇಟ್ಟು ತೋರಿಸಿದ್ದರು. ಬೆಲೆಯ ಸ್ಲೈಡರ್ ಎಳೆದರೆ ನಕ್ಷೆಯ ಮೇಲಿನ ಚುಕ್ಕಿಗಳು ಕೂಡಲೇ ಬದಲಾಗುತ್ತಿದ್ದವು. ಆ "ಕೂಡಲೇ" ಅನ್ನೋದೇ ಇಲ್ಲಿ ಜೀವ. ಎಳೆದು ಬಿಟ್ಟ ಮೇಲೆ ನಾಲ್ಕು ಸೆಕೆಂಡ್ ಕಾಯಬೇಕು ಅಂದರೆ ಸ್ಲೈಡರ್ ಇಟ್ಟು ಉಪಯೋಗ ಇಲ್ಲ, ನಂಬರ್ ಬಾಕ್ಸ್ ಇಡಿ.

ನಿಖರವಾದ ಅಂಕಿ ಬೇಕಾದಾಗಲೂ ಸ್ಲೈಡರ್ ಬೇಡ. ನೂರು ವರ್ಷದ ಮಳೆಯನ್ನು ಫೋನಿನ ಅಗಲಕ್ಕೆ ಹರಡಿದರೆ ಒಂದೊಂದು ವರ್ಷಕ್ಕೆ ಕೂದಲೆಳೆಯಷ್ಟು ಜಾಗ. 2005ಕ್ಕೆ ನಿಲ್ಲಿಸಬೇಕು ಅಂತ ಎಳೆದರೆ 2004ಕ್ಕೋ 2007ಕ್ಕೋ ಹೋಗಿ ನಿಲ್ಲುತ್ತದೆ. ಕೈ ನಡುಗುವ ಹಿರಿಯರಿಗೆ ಇನ್ನೂ ಕಷ್ಟ. 2023ರಲ್ಲಿ ಬಂದ ವೆಬ್ ಸುಲಭಬಳಕೆಯ ಮಾನದಂಡ ಡಬ್ಲ್ಯುಸಿಎಜಿ 2.2 ಕೂಡ ಇದನ್ನೇ ಹೇಳುತ್ತದೆ: ಎಳೆದು ಮಾಡುವ ಕೆಲಸವನ್ನು ಎಳೆಯದೆ, ಬರೀ ಒತ್ತಿಯೂ ಮಾಡುವಂತಿರಬೇಕು. ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ ಇರಬೇಕು ಅಂತಲೂ ಅದರಲ್ಲಿದೆ. ನಾನು ಸ್ಲೈಡರ್ ಪಕ್ಕದಲ್ಲೇ ನಂಬರ್ ಬಾಕ್ಸ್ ಇಡುತ್ತೇನೆ. ಒಂದು ಬದಲಾದರೆ ಇನ್ನೊಂದೂ ಬದಲಾಗುತ್ತದೆ.

ಇಂತಿಷ್ಟರಿಂದ ಇಂತಿಷ್ಟರವರೆಗೆ ಅಂತ ಕೇಳುವ ಎರಡು ಹಿಡಿಯ ಸ್ಲೈಡರ್ ಬ್ರೌಸರಿನಲ್ಲಿ ತಾನಾಗಿ ಬರುವುದಿಲ್ಲ, ಬೇರೆಯವರು ಬರೆದಿಟ್ಟ ಕೋಡಿನ ಯಾವುದಾದರೂ ಲೈಬ್ರರಿಯಿಂದ ತರಬೇಕು. ಫೋನಿನಲ್ಲಿ ಎರಡು ಹಿಡಿಗಳು ಹತ್ತಿರ ಬಂದರೆ ಯಾವುದು ಬೆರಳಿಗೆ ಸಿಗುತ್ತದೆ ಹೇಳಲಾಗದು. ಎರಡು ನಂಬರ್ ಬಾಕ್ಸ್ ಸಾಕು.

ತಾರೀಕು

ಇದರಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಕ್ಯಾಲೆಂಡರ್ ಕೊನೆಯ ಆಯ್ಕೆಯಾಗಬೇಕು. ಮೊದಲು ಸಿದ್ಧ ಬಟನ್‌ಗಳು. "ಕಳೆದ 7 ದಿನ", "ಈ ಮಳೆಗಾಲ", "ಹೋದ ವರ್ಷ ಇದೇ ದಿನ". ಧಾರವಾಡದ ಅಕ್ಕ ಕೇಳಿದ್ದು ಇದರಲ್ಲಿ ಮೂರನೆಯದು. ಅದನ್ನು ಕ್ಯಾಲೆಂಡರಿನಲ್ಲಿ ಮಾಡಬೇಕಾದರೆ ಎರಡು ಸಲ ತೆರೆದು, ಹನ್ನೆರಡು ತಿಂಗಳು ಹಿಂದೆ ಸರಿದು, ಅಷ್ಟರಲ್ಲಿ ಮೊದಲ ಅಂಕಿ ಮರೆತೇ ಹೋಗಿರುತ್ತದೆ. ಆ ಒಂದು ಬಟನ್ ಬಂದ ಮೇಲೆ ಕ್ಯಾಲೆಂಡರ್ ಮುಟ್ಟುವವರೇ ಅಪರೂಪ.

ಆದರೂ ಕ್ಯಾಲೆಂಡರ್ ಬೇಕಾಗುತ್ತದೆ. ಆಗ ಎರಡು ವಿಷಯ ನೋಡಿಕೊಳ್ಳಿ. ಬ್ರೌಸರಿನ ತಾರೀಕಿನ ಇನ್‌ಪುಟ್ ಒಳಗೆ ಯಾವಾಗಲೂ ವರ್ಷ-ತಿಂಗಳು-ದಿನ ಅಂತಲೇ ಇಟ್ಟುಕೊಳ್ಳುತ್ತದೆ. ತೋರಿಸುವುದು ಮಾತ್ರ ಫೋನಿನ ಭಾಷೆಯ ಪ್ರಕಾರ. ಅಮೆರಿಕನ್ ಇಂಗ್ಲಿಷ್ ಇಟ್ಟುಕೊಂಡವರಿಗೆ ತಿಂಗಳು ಮೊದಲು ಬರುತ್ತದೆ. 07/08 ಅಂದರೆ ನಮಗೆ ಆಗಸ್ಟ್ 7, ಆ ಫೋನಿನಲ್ಲಿ ಜುಲೈ 8. ಮಳೆಗಾಲದ ಲೆಕ್ಕದಲ್ಲಿ ಒಂದು ತಿಂಗಳು ಆಚೀಚೆ ಆದರೆ ಎಲ್ಲಾ ತಪ್ಪಿತು. ಆರಿಸಿದ ತಾರೀಕನ್ನು ಚಾರ್ಟಿನ ತಲೆಯ ಮೇಲೆ "7 ಆಗಸ್ಟ್" ಅಂತ ಅಕ್ಷರದಲ್ಲಿ ಬರೆಯಿರಿ.

ಎರಡನೆಯದು ಅಂಕಿಯನ್ನೇ ತಿಳಿದುಕೊಳ್ಳುವುದು. ಹವಾಮಾನ ಇಲಾಖೆಯ ಮಳೆಯ ದಿನ ಮಧ್ಯರಾತ್ರಿಗೆ ಮುಗಿಯುವುದಿಲ್ಲ. ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ ಒಂದು ದಿನ. ಆ 944 ಮಿಲಿಮೀಟರ್ 2005ರ ಜುಲೈ 27ರ ಬೆಳಿಗ್ಗೆ 8.30ಕ್ಕೆ ಮುಗಿದ 24 ಗಂಟೆಯದು. ಕಣ್ಣಾರೆ ಕಂಡವರೆಲ್ಲ ಹೇಳುವುದು "26 ಜುಲೈ". ಪಟ್ಟಿಯಲ್ಲಿ ಕುಳಿತಿರುವುದು 27. ಕ್ಯಾಲೆಂಡರಿನಲ್ಲಿ 26 ಒತ್ತಿದವರು ಹಿಂದಿನ ದಿನದ ಅಂಕಿ ನೋಡಿ "ನಿಮ್ಮ ಲೆಕ್ಕವೇ ಸುಳ್ಳು" ಅಂದರೆ ಅವರದ್ದು ತಪ್ಪಲ್ಲ. ಇನ್‌ಪುಟ್ ಕೆಳಗೆ ಈ ಒಂದು ಸಾಲು ಬರೆಯದೆ ಎಷ್ಟು ಚಂದದ ಕ್ಯಾಲೆಂಡರ್ ಇಟ್ಟರೂ ಪ್ರಯೋಜನ ಇಲ್ಲ.

ಮುಟ್ಟಿದ ಕೂಡಲೇ ಬದಲಾಗಬೇಕಾ, ಬಟನ್ ಒತ್ತಿದ ಮೇಲೆ ಸಾಕಾ?

ಜನ ಕಂಪ್ಯೂಟರನ್ನು ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡುವ ಯಾಕೋಬ್ ನೀಲ್ಸನ್ 1993ರಲ್ಲಿ ಹೇಳಿದ ಅಳತೆ ಇಂದಿಗೂ ನನ್ನ ಕೈಹಿಡಿಯುತ್ತದೆ. 0.1 ಸೆಕೆಂಡಿನ ಒಳಗೆ ಉತ್ತರ ಬಂದರೆ ತಕ್ಷಣ ಅನ್ನಿಸುತ್ತದೆ. 1 ಸೆಕೆಂಡಿನವರೆಗೆ ಯೋಚನೆಯ ಎಳೆ ತುಂಡಾಗುವುದಿಲ್ಲ. 10 ಸೆಕೆಂಡ್ ದಾಟಿದರೆ ಮನಸ್ಸು ಬೇರೆ ಕಡೆ ಹೋಗುತ್ತದೆ. ಒಂದು ಸೆಕೆಂಡಿನ ಒಳಗೆ ಉತ್ತರ ಬರುವುದಾದರೆ ಬಟನ್ ಬೇಡ. ಅದಕ್ಕಿಂತ ನಿಧಾನ ಇದ್ದು, ನಾಲ್ಕೈದು ಇನ್‌ಪುಟ್ ಒಟ್ಟಿಗೆ ತುಂಬಬೇಕಾಗಿದ್ದರೆ, ಎಲ್ಲವನ್ನೂ ಒಂದು ಫಾರ್ಮ್ ಒಳಗೆ ಹಾಕಿ ಕೆಳಗೆ "ತೋರಿಸು" ಅಂತ ಬಟನ್ ಇಡಿ. ಇಲ್ಲದಿದ್ದರೆ ಮೊದಲನೆಯದನ್ನು ಮುಟ್ಟಿದಾಗಲೇ ಪುಟ ಕೆಲಸ ಶುರು ಮಾಡಿ, ಎರಡನೆಯದನ್ನು ಮುಟ್ಟುವಷ್ಟರಲ್ಲಿ ಮತ್ತೆ ಮೊದಲಿಂದ ಶುರು ಮಾಡುತ್ತದೆ. ರೈಲಿನಲ್ಲಿ ಸಿಗ್ನಲ್ ಬಂದು ಹೋಗಿ ಮಾಡುವಾಗ ಇದು ಬಹಳ ಕಾಡುತ್ತದೆ.

ಬಟನ್ ಇಟ್ಟರೆ ಇನ್ನೊಂದು ಎಚ್ಚರ. ಇನ್‌ಪುಟ್‌ನಲ್ಲಿ "ವಿಹಾರ್" ಅಂತ ಇದ್ದು, ಚಾರ್ಟಿನಲ್ಲಿ ಇನ್ನೂ "ತಾನ್ಸಾ" ಇರುವ ಹೊತ್ತು ಒಂದು ಬರುತ್ತದೆ. ಆಗ ಚಾರ್ಟನ್ನು ಮಸುಕು ಮಾಡಿ, ಅಥವಾ ಚಾರ್ಟಿನ ಮೇಲೆ ಅದು ಯಾವುದರದ್ದು ಅಂತ ಬರೆಯಿರಿ.

ಯಾವ ಸಲಕರಣೆ?

ಕೋಡ್ ಬರೆಯದವರಿಗೆ ಎಕ್ಸೆಲ್ ಸಾಕು. 2010ರಿಂದಲೇ ಅದರಲ್ಲಿ ಸ್ಲೈಸರ್ ಇದೆ, 2013ರಿಂದ ತಾರೀಕಿಗೆ ಟೈಮ್‌ಲೈನ್ ಇದೆ. ಹಂಚಬೇಕು ಅಂದರೆ ಲುಕರ್ ಸ್ಟುಡಿಯೊ, ಗೂಗಲ್ ಶೀಟ್‌ಗೆ ನೇರ ಜೋಡಿಸಬಹುದು, ದುಡ್ಡು ಕೊಡಬೇಕಿಲ್ಲ. ಆದರೆ ಹೆಸರಿನ ಪಟ್ಟಿಯಂಥ ನಮ್ಮದೇ ಜಾಣತನ ಸೇರಿಸಲು ಅಲ್ಲಿ ಜಾಗ ಕಡಿಮೆ.

ಪೈಥಾನ್ ಬಲ್ಲವರು ಸ್ಟ್ರೀಮ್‌ಲಿಟ್ ಮತ್ತು ಡ್ಯಾಶ್ ನಡುವೆ ತೂಗುತ್ತಾರೆ. ಸ್ಟ್ರೀಮ್‌ಲಿಟ್‌ನಲ್ಲಿ ಒಂದು ಮಧ್ಯಾಹ್ನದಲ್ಲಿ ಪುಟ ಎದ್ದು ನಿಲ್ಲುತ್ತದೆ. ಆದರೆ ಯಾವುದೇ ಇನ್‌ಪುಟ್ ಬದಲಾದರೂ ಅದು ಇಡೀ ಸ್ಕ್ರಿಪ್ಟನ್ನು ಮೇಲಿನಿಂದ ಕೆಳಗೆ ಮತ್ತೆ ಓಡಿಸುತ್ತದೆ. ಅಂಕಿಗಳನ್ನು ಕ್ಯಾಶ್ ಮಾಡದಿದ್ದರೆ, ಅಂದರೆ ಒಮ್ಮೆ ತಂದದ್ದನ್ನು ನೆನಪಿಟ್ಟುಕೊಳ್ಳುವಂತೆ ಮಾಡದಿದ್ದರೆ, ನಿಧಾನ. ಮೇಲೆ ಹೇಳಿದ ಫಾರ್ಮ್ ಅದರಲ್ಲೇ ಸಿದ್ಧವಾಗಿದೆ. ಡ್ಯಾಶ್‌ನಲ್ಲಿ ಬರೆಯುವುದು ಜಾಸ್ತಿ, ಹಿಡಿತವೂ ಜಾಸ್ತಿ: ಯಾವ ಇನ್‌ಪುಟ್ ಬದಲಾದರೆ ಯಾವ ಚಾರ್ಟು ಕದಲಬೇಕು ಅಂತ ಒಂದೊಂದನ್ನೂ ನೀವೇ ಹೇಳುತ್ತೀರಿ. ಶೈನಿ ಅನ್ನುವ ಇನ್ನೊಂದು ಸಲಕರಣೆ ಆ ನಂಟನ್ನು ತಾನೇ ಗುರುತಿಸಿ, ಬೇಕಾದಷ್ಟನ್ನು ಮಾತ್ರ ಮತ್ತೆ ಲೆಕ್ಕ ಹಾಕುತ್ತದೆ. 2012ರಲ್ಲಿ ಆರ್ ಭಾಷೆಗೆ ಬಂದದ್ದು, ಈಗ ಪೈಥಾನ್‌ಗೂ ಇದೆ.

ನಾನು ಕೊನೆಗೆ ನಿಂತದ್ದು 2024ರಲ್ಲಿ ಬಂದ ಅಬ್ಸರ್ವಬಲ್ ಫ್ರೇಮ್‌ವರ್ಕ್‌ನಲ್ಲಿ. ಅಂಕಿಗಳನ್ನು ಮೊದಲೇ ಸಿದ್ಧ ಮಾಡಿ ಪುಟದ ಜೊತೆ ಕಳಿಸುತ್ತದೆ. ಆಮೇಲೆ ಸ್ಲೈಡರ್ ಎಳೆದರೂ ಚೆಕ್‌ಬಾಕ್ಸ್ ಒತ್ತಿದರೂ ಎಲ್ಲಾ ಫೋನಿನೊಳಗೇ ನಡೆಯುತ್ತದೆ, ಸರ್ವರ್ ಕಡೆ ಹೋಗುವುದಿಲ್ಲ. ಏಳು ಕೆರೆಗಳ ಕೆಲವು ವರ್ಷದ ಅಂಕಿ ಒಂದು ಫೋಟೊಗಿಂತ ಹಗುರ. ಸಿಗ್ನಲ್ ಹೋದರೂ ಇನ್‌ಪುಟ್ ನಿಲ್ಲುವುದಿಲ್ಲ. ಲಕ್ಷಾಂತರ ಸಾಲುಗಳಿದ್ದರೆ, ಅಥವಾ ಎಲ್ಲರೂ ನೋಡಬಾರದ ಅಂಕಿ ಇದ್ದರೆ ಈ ದಾರಿ ಬೇಡ. ಪುಟದ ಜೊತೆ ಹೋದ ಅಂಕಿ ಯಾರ ಕೈಗಾದರೂ ಸಿಗುತ್ತದೆ.

ಯಾವುದನ್ನೇ ಹಿಡಿಯಿರಿ, ಆರಿಸಿದ್ದು ಲಿಂಕಿನಲ್ಲಿ ಉಳಿಯುವ ಹಾಗೆ ಮಾಡಿ. ಸ್ಟ್ರೀಮ್‌ಲಿಟ್, ಡ್ಯಾಶ್, ಶೈನಿ ಮೂರರಲ್ಲೂ ಅದಕ್ಕೆ ದಾರಿ ಇದೆ. ನಮ್ಮ ಸಮಿತಿಯಲ್ಲಿ ಒಬ್ಬರು "ಭಾತ್ಸಾ, ಲೀಟರ್, ಹೋದ ವರ್ಷ ಇದೇ ದಿನ" ಅಂತ ಆರಿಸಿ ಲಿಂಕನ್ನು ವಾಟ್ಸ್ಆಪ್ ಗ್ರೂಪಿಗೆ ಹಾಕುತ್ತಾರೆ. ತೆರೆದವರಿಗೆಲ್ಲ ಅದೇ ಚಾರ್ಟು ಕಾಣುತ್ತದೆ. ಗ್ರೂಪಿನ ಹೆಚ್ಚಿನವರು ಈಗ ಒಂದು ಇನ್‌ಪುಟ್ಟನ್ನೂ ಮುಟ್ಟದೆ ನೋಡಬೇಕಾದ್ದನ್ನು ನೋಡುತ್ತಾರೆ, ಮುಂದಿನ ವಾರದ ಟ್ಯಾಂಕರ್ ಮಾತು ಅಲ್ಲಿಂದಲೇ ಶುರುವಾಗುತ್ತದೆ.